ಬಲಗೆನ್ನೆಯ ಬಿಸಿ, ಒಣಗುವ ಬಾಯಿ

ಪ್ರಶ್ನೆ: ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ಇಟ್ಟುಕೊಂಡಿದ್ದೇನೆ. ಸೀಸನ್ನಿನಲ್ಲಿ ದಿನಕ್ಕೆ ಐದಾರು ಗಂಟೆ ಫೋನು ಬಲಗಿವಿಯಲ್ಲೇ ಇರುತ್ತದೆ. ಕೆನ್ನೆ ಬಿಸಿಯಾಗಿ ಬಾಯಿ ಒಣಗುತ್ತದೆ. ಮೊಬೈಲಿನಿಂದ ಜೊಲ್ಲಿನ ಗ್ರಂಥಿಗೆ ಕ್ಯಾನ್ಸರ್ ಬರುತ್ತದಂತೆ, ನಿಜವೇ?

ಉತ್ತರ: ಮಂಗನಬಾವು ಬಂದಾಗ ಕಿವಿಯ ಮುಂದೆ ಊದಿಕೊಳ್ಳುವುದೇ ಆ ಗ್ರಂಥಿ, ಹೆಸರು ಪೆರೋಟಿಡ್. ಫೋನು ಒರಗುವುದು ಸರಿಯಾಗಿ ಅದರ ಮೇಲೆಯೇ. ಹಾಗಾಗಿ ನಿಮ್ಮ ಅನುಮಾನ ಸಹಜವಾದದ್ದೇ. ಇಸ್ರೇಲಿನಲ್ಲಿ ಈ ಗ್ರಂಥಿಯ ಗಡ್ಡೆಯಿದ್ದ 460 ಜನರನ್ನು ವಿಚಾರಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಟ್ಟಾರೆ ಅಪಾಯ ಹೆಚ್ಚಿರಲಿಲ್ಲ. ಆದರೆ ಅತಿ ಹೆಚ್ಚು ಮಾತಾಡುವವರಲ್ಲಿ, ಫೋನು ಹಿಡಿಯುವ ಬದಿಯಲ್ಲೇ, ಸುಮಾರು ಒಂದೂವರೆ ಪಟ್ಟು ಕಂಡಿತು. ಗಡ್ಡೆ ಬಂದವರು ‘ಈ ಕಿವಿಯಲ್ಲೇ ಹಿಡಿಯುತ್ತಿದ್ದೆ’ ಎಂದು ನೆನಪಿಸಿಕೊಳ್ಳುವುದು ಹೆಚ್ಚು, ಆ ದೋಷವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಡೆನ್ಮಾರ್ಕ್–ಸ್ವೀಡನ್ನಿನ 2006ರ ಅಧ್ಯಯನದಲ್ಲಿ ಹೆಚ್ಚಳ ಸಿಗಲಿಲ್ಲ. ಈ ಗಡ್ಡೆಗಳೇ ಅಪರೂಪ, ಅವುಗಳಲ್ಲೂ ನೂರಕ್ಕೆ ಸುಮಾರು 80 ಕ್ಯಾನ್ಸರ್ ಅಲ್ಲ. ಹೆದರುವಷ್ಟು ಪುರಾವೆಯಿಲ್ಲ, ಎಚ್ಚರ ಮಾತ್ರ ಇರಲಿ.

ಕೆನ್ನೆಯ ಬಿಸಿಗೆ ಮುಖ್ಯ ಕಾರಣ ಬ್ಯಾಟರಿಯ ಶಾಖ ಮತ್ತು ಗಾಳಿಯಾಡದೆ ಮುಚ್ಚಿದ ಚರ್ಮ. ಸಿಗ್ನಲ್ ಕ್ಷೀಣವಾಗಿದ್ದರೆ ಫೋನು ಹೆಚ್ಚು ಶಕ್ತಿ ಸುರಿಯುತ್ತದೆ, ತಗಡಿನ ಗೋದಾಮಿನೊಳಗೆ ಆಗುವುದು ಇದೇ. ಬಯಲಿಗೆ ಬಂದು ಮಾತಾಡಿ. ತಂತಿಯ ಇಯರ್‌ಫೋನ್ ಹಾಕಿ ಫೋನನ್ನು ಮೇಜಿನ ಮೇಲಿಡಿ, ಅಥವಾ ಸ್ಪೀಕರ್ ಹಾಕಿ. ದೂರ ಹೆಚ್ಚಿದಷ್ಟೂ ತಲೆಗೆ ತಾಗುವ ಶಕ್ತಿ ಬೇಗಬೇಗ ಇಳಿಯುತ್ತದೆ. *#07# ಒತ್ತಿದರೆ ಅನೇಕ ಫೋನುಗಳು ಎಸ್‌ಎಆರ್ ಅಂಕಿಯನ್ನು, ಅಂದರೆ ಫೋನಿನಿಂದ ಮೈ ಹೀರುವ ರೇಡಿಯೊ ಶಕ್ತಿಯ ಅಳತೆಯನ್ನು, ತೋರಿಸುತ್ತವೆ. ನಮ್ಮಲ್ಲಿ ಮಿತಿ ಕೆ.ಜಿ.ಗೆ 1.6 ವ್ಯಾಟ್.

ಬಾಯಿ ಒಣಗುವುದನ್ನು ಮಾತ್ರ ಫೋನಿನ ಮೇಲೆ ಹಾಕಿ ಸುಮ್ಮನಾಗಬೇಡಿ. ಗಂಟೆಗಟ್ಟಲೆ ನೀರು ಕುಡಿಯದೆ ಕೂಗಿ ಮಾತಾಡಿದರೆ ಬಾಯಿಯ ತೇವ ಹಾರಿಹೋಗುತ್ತದೆ. ಹೊಗೆಸೊಪ್ಪು, ಕೆಲವು ಬಿ.ಪಿ. ಮತ್ತು ಅಲರ್ಜಿ ಮಾತ್ರೆಗಳು, ಸಕ್ಕರೆ ಕಾಯಿಲೆಯೂ ಕಾರಣವಾಗಬಹುದು. ಖಾಲಿಹೊಟ್ಟೆಯ ಸಕ್ಕರೆ ಪರೀಕ್ಷೆ ಮಾಡಿಸಿ, ನೀರಿನ ಬಾಟಲಿ ಪಕ್ಕದಲ್ಲಿರಲಿ. ಜೊಲ್ಲು ಕಡಿಮೆಯಾದರೆ ಹಲ್ಲು ಬೇಗ ಹುಳುಕಾಗುತ್ತದೆ.

ಊಟಕ್ಕೆ ಕೂತಾಗ ಆ ಗ್ರಂಥಿಯ ಜಾಗ ಊದಿ ನೋಯುತ್ತಿದ್ದರೆ ಜೊಲ್ಲಿನ ನಾಳದಲ್ಲಿ ಕಲ್ಲು ಇರಬಹುದು. ನೋವಿಲ್ಲದ ಗಟ್ಟಿ ಗಂಟು ಎರಡು ವಾರ ದಾಟಿದರೆ ಇಎನ್‌ಟಿ ವೈದ್ಯರನ್ನು ಕಾಣಿ. ಬಾಯಿ ಸೊಟ್ಟಗಾದರೆ, ಕಣ್ಣು ಪೂರ್ತಿ ಮುಚ್ಚದಿದ್ದರೆ ಅಂದೇ ಹೋಗಿ. ಗಂಟಿಗೆ ಸಾಮಾನ್ಯವಾಗಿ ಮೊದಲು ಅಲ್ಟ್ರಾಸೌಂಡ್, ಆಮೇಲೆ ಸೂಜಿ ಪರೀಕ್ಷೆ. ಅಲ್ಲಿಯವರೆಗೆ ಅದನ್ನು ಉಜ್ಜುವುದು, ಪಟ್ಟು ಹಾಕುವುದು ಬೇಡ.