ರೀಕಾಲ್ ಬಂದ ಕಾರನ್ನು ಹಾಗೇ ಮಾರಿಬಿಡಬಹುದಾ?

ಮಾರಬೇಡಿ. ಫ್ಯೂಯೆಲ್ ಪಂಪ್ (ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ತಳ್ಳೋದು) ರೀಕಾಲ್, ಅಂದರೆ ತಯಾರಿಕೆಯಲ್ಲೇ ದೋಷ ಇದೆ, ಗಾಡಿ ತನ್ನಿ, ಪುಕ್ಕಟೆ ಸರಿಮಾಡಿ ಕೊಡ್ತೀವಿ ಅಂತ ಕಂಪನಿಯಿಂದ ಮೆಸೇಜ್ ಬಂದಿದೆ, ಗಾಡಿ ಮಾತ್ರ ಚೆನ್ನಾಗೇ ಓಡ್ತಿದೆ, ಶಿರಸಿಯಲ್ಲಿ ಆ ಕಂಪನಿಯ ಸರ್ವಿಸ್ ಸೆಂಟರ್ ಇಲ್ಲ, ಹುಬ್ಬಳ್ಳಿಗೆ ಅಲೆಯೋ ಬದಲು ದೀಪಾವಳಿ ಹೊತ್ತಿಗೆ ಸುಮ್ನೆ ಮಾರಿಬಿಡಲಾ ಅಂತ ಕೇಳಿದ್ದೀರಿ. ಅಂಥದೇ ಒಂದು ಕಾರನ್ನು ಕೊಂಡವನು ನಾನು.

ನಾನು ಅಂಕೋಲೆಯವನು. ಹುಬ್ಬಳ್ಳಿಯ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ತಗೊಂಡೆ. ಕಂಪನಿ ಯಾವುದು ಅಂತ ಹೇಳಲ್ಲ, ಅದು ಇಲ್ಲಿ ಬೇಕಾಗೂ ಇಲ್ಲ. ಪೇಂಟ್ ಚೆನ್ನಾಗಿತ್ತು, ಟಯರ್ ಹೊಸದು, ಓಡಿದ್ದೂ ಕಮ್ಮಿ. ಮಳೆಗಾಲ ಶುರುವಾದ ಮೇಲೆ ಬೆಳಿಗ್ಗೆ ಸ್ಟಾರ್ಟ್ ಆಗೋದಕ್ಕೆ ಸತಾಯಿಸತೊಡಗಿತು. ಏರಿನಲ್ಲಿ ಒಮ್ಮೊಮ್ಮೆ ಜರ್ಕ್ ಹೊಡೀತಿತ್ತು. ನಮ್ಮೂರ ಗ್ಯಾರೇಜಿನವರು ಮೊದಲು ಪೆಟ್ರೋಲಿಗೆ ನೀರು ಸೇರಿದೆ ಅಂದರು. ಆಮೇಲೆ ಪ್ಲಗ್ ಬದಲಾಯಿಸಿದರು. ಆಮೇಲೆ ಬ್ಯಾಟರಿ. ಪ್ರತಿ ಸಲ ನಾಲ್ಕು ದಿನ ಸರಿ ಇರ್ತಿತ್ತು, ಮತ್ತೆ ಅದೇ ಹಾಡು.

ಕೊನೆಗೆ ಅದು ಕೈಕೊಟ್ಟಿದ್ದು ದೇವಿಮನೆ ಘಟ್ಟದಲ್ಲಿ. ಕತಗಾಲ ದಾಟಿ ಮೇಲೆ ಹತ್ತುತ್ತಿದ್ದೆವು, ಶಿರಸಿಯಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ. ತಿರುವಿನಲ್ಲಿ ಎಂಜಿನ್ ಸದ್ದೇ ಇಲ್ಲದೆ ನಿಂತಿತು. ಮೀಟರಿನಲ್ಲಿ ಇದ್ದಬದ್ದ ದೀಪಗಳೆಲ್ಲ ಹತ್ತಿಕೊಂಡವು. ಸ್ಟೀರಿಂಗ್ ಬಿಗಿಯಾಯಿತು. ಬ್ರೇಕ್ ಮೊದಲನೇ ಸಲ ಒತ್ತಿದಾಗ ಹಿಡಿಯಿತು. ಕಾಲು ತೆಗೆದು ಮತ್ತೆ ಒತ್ತಿದರೆ ಅರ್ಧಂಬರ್ಧ, ಆಮೇಲೆ ಕಲ್ಲಿನ ಮೇಲೆ ಕಾಲಿಟ್ಟ ಹಾಗೆ. ಗಾಡಿ ನಿಧಾನಕ್ಕೆ ಹಿಂದೆ ಜಾರತೊಡಗಿತು. ಹಿಂದೆ ಲೋಡ್ ಲಾರಿ. ಹ್ಯಾಂಡ್ ಬ್ರೇಕ್ ಎಳೆದು, ಎರಡೂ ಕೈಯಲ್ಲಿ ಸ್ಟೀರಿಂಗ್ ತಿರುಗಿಸಿ ಗುಡ್ಡದ ಕಡೆಯ ಚರಂಡಿಗೆ ಹಿಂದಿನ ಚಕ್ರ ಸಿಕ್ಕಿಸಿದೆ. ಮಗ ಇಳಿದು ಕಲ್ಲು ಇಟ್ಟ. ಹಿಂದೆ ಕೂತಿದ್ದ ನಮ್ಮತ್ತೆ ಮಾತೇ ಆಡಲಿಲ್ಲ. ಅವರು ಸುಮ್ಮನಿದ್ದರು ಅಂದರೆ ಪರಿಸ್ಥಿತಿ ಎಷ್ಟು ಕೆಟ್ಟಿತ್ತು ಅಂತ ನೀವೇ ಲೆಕ್ಕ ಹಾಕಿ.

(ಬ್ರೇಕ್ ಹಗುರವಾಗಿ ಒತ್ತೋಕೆ ನೆರವಾಗೋ ಬೂಸ್ಟರ್ ಎಂಜಿನ್ನಿನ ವ್ಯಾಕ್ಯೂಮ್‌ನಿಂದ ಕೆಲಸ ಮಾಡುತ್ತೆ. ಎಂಜಿನ್ ನಿಂತ ಮೇಲೆ ಅದರಲ್ಲಿ ಒಂದೆರಡು ಸಲಕ್ಕೆ ಆಗುವಷ್ಟೇ ವ್ಯಾಕ್ಯೂಮ್ ಉಳಿದಿರುತ್ತೆ. ಪಂಪ್ ಮಾಡಬೇಡಿ. ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನನಗೆ ಆವತ್ತು ಇದು ಗೊತ್ತಿರಲಿಲ್ಲ.)

ಗಾಡಿಯನ್ನು ಟೋ ಮಾಡಿಸಿ ಕುಮಟೆಗೆ ತಂದೆವು. ಅಲ್ಲಿಯ ಮೆಕ್ಯಾನಿಕ್ ಹಿಂದಿನ ಸೀಟು ಎತ್ತಿದರು. ಕೆಳಗೆ ಪುಟ್ಟ ಮಕ್ಕಳ ಹೇರ್‌ಪಿನ್, ಕಡಲೆ ಸಿಪ್ಪೆ, ಅದರಡಿ ಒಂದು ದುಂಡನೆ ಮುಚ್ಚಳ. ಅದನ್ನು ಬಿಚ್ಚಿದರೆ ಟ್ಯಾಂಕಿನೊಳಗೆ ಪಂಪ್. ಆ ಹಳೇ ಪಂಪನ್ನು ಆಮೇಲೆ ಕೊಯ್ದು ತೋರಿಸಿದರು. ಒಳಗೆ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ಪ್ಲಾಸ್ಟಿಕ್ ಚಕ್ರ, ಇಂಪೆಲ್ಲರ್ ಅಂತಾರೆ. ಪೆಟ್ರೋಲ್ ಕುಡಿದು ಕುಡಿದು ಉಬ್ಬಿ, ಅಂಚು ಪಂಪಿನ ಗೋಡೆಗೆ ಉಜ್ಜಿ ಗೀರು ಬಿದ್ದಿತ್ತು. ಬಿಸಿಯಾದಾಗ ಸಿಕ್ಕಿಕೊಳ್ಳುತ್ತೆ, ತಣ್ಣಗಾದ ಮೇಲೆ ಮತ್ತೆ ತಿರುಗುತ್ತೆ. "ಚೆನ್ನಾಗೇ ಓಡ್ತಿದೆ" ಅಂತ ನೀವು ಹೇಳ್ತೀರಲ್ಲ, ನಂದೂ ಆವತ್ತು ಘಟ್ಟದ ಬುಡದವರೆಗೆ ಚೆನ್ನಾಗೇ ಓಡಿತ್ತು. ಹೊಸ ಪಂಪಿಗೆ ದುಡ್ಡು ಕೊಟ್ಟೆ, ಬಿಲ್ ಕೇಳಲಿಲ್ಲ.

ಈಗ ನನ್ನ ತಪ್ಪಿನ ವಿಷಯ. ಸ್ವಲ್ಪ ಉದ್ದವಾಗುತ್ತೆ, ಸಹಿಸಿಕೊಳ್ಳಿ, ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಸುಮಾರು ಜನ ಇದನ್ನೇ ಮಾಡ್ತಾರೆ. ಕಾರು ತಗೊಂಡಾಗ ನಾನು ಕಾಗದಪತ್ರ ಎಲ್ಲ ಅಚ್ಚುಕಟ್ಟಾಗಿ ಮಾಡಿಸಿದ್ದೆ. ಫಾರ್ಮ್ 29, ಫಾರ್ಮ್ 30 ಕೊಟ್ಟು ಕಾರವಾರ ಆರ್‌ಟಿಒದಲ್ಲಿ ಆರ್‌ಸಿ ನನ್ನ ಹೆಸರಿಗೆ ಆಯಿತು. ಇನ್ಶೂರೆನ್ಸ್ ಬದಲಾಯಿತು. ಫಾಸ್ಟ್ಯಾಗ್ ಹೊಸದು ಅಂಟಿಸಿದೆ. ಸರಕಾರದ ಲೆಕ್ಕದಲ್ಲಿ ಕಾರು ನನ್ನದೇ. ಆದರೆ ಕಂಪನಿಯ ಲೆಕ್ಕದಲ್ಲಿ ಅದು ಇನ್ನೂ ಹುಬ್ಬಳ್ಳಿಯವರದು! ಕಂಪನಿಯವರು ಫೋನ್ ಮಾಡೋದು ತಮ್ಮ ಸರ್ವಿಸ್ ದಾಖಲೆಯಲ್ಲಿರೋ ನಂಬರಿಗೆ. ನಾನು ಅವರ ಸರ್ವಿಸ್ ಸೆಂಟರಿಗೆ ಕಾಲೇ ಇಟ್ಟಿರಲಿಲ್ಲ, ವಾರಂಟಿ ಮುಗಿದಿದೆ, ಸುಮ್ನೆ ಜಾಸ್ತಿ ದುಡ್ಡು ಯಾಕೆ ಅಂತ. ಹಾಗಾಗಿ ನನ್ನ ನಂಬರ್ ಅವರಿಗೆ ಗೊತ್ತಾಗೋ ದಾರಿಯೇ ಇರಲಿಲ್ಲ. ಒಂದು ಫೋನ್ ಮಾಡಿ "ಗಾಡಿ ಈಗ ನನ್ನದು, ಈ ನಂಬರ್ ಬರ್ಕೊಳ್ಳಿ" ಅಂದಿದ್ದರೆ ಮುಗೀತಿತ್ತು. ಹಳೇ ಓನರ್‌ಗೆ ಆಮೇಲೆ ಫೋನ್ ಮಾಡಿದೆ. "ಹೌದು ಮಾರಾಯ್ರೆ, ರೀಕಾಲ್ ಗೀಕಾಲ್ ಅಂತ ಏನೋ ಮೆಸೇಜ್ ಬರ್ತಿತ್ತು. ಗಾಡಿ ಕೊಟ್ಟಾಗಿತ್ತಲ್ಲ, ಡಿಲೀಟ್ ಮಾಡಿದೆ" ಅಂದರು. ಅವರನ್ನು ಬೈಯೋಕೂ ಆಗಲಿಲ್ಲ.

ನಮ್ಮ ಅಕ್ಕನ ಮಗ ಕಂಪನಿಯ ವೆಬ್‌ಸೈಟಿನಲ್ಲಿ ಚಾಸಿಸ್ ನಂಬರ್ ಹಾಕಿ ನೋಡಿದಾಗಲೇ ಗೊತ್ತಾಗಿದ್ದು, ಆ ಪಂಪ್ ಪುಕ್ಕಟೆ ಹಾಕಿಸಿಕೊಳ್ಳಬಹುದಿತ್ತು ಅಂತ. ಹುಬ್ಬಳ್ಳಿಗೆ ಒಯ್ದೆ. ಹೊರಗಿನ ಪಂಪ್ ತೆಗೆದು ತಮ್ಮದನ್ನೇ ಹಾಕಿ ಕೊಟ್ಟರು, ಒಂದು ರೂಪಾಯಿ ತಗೊಳ್ಳಲಿಲ್ಲ. ಕುಮಟೆಯಲ್ಲಿ ಕೊಟ್ಟ ದುಡ್ಡಿನ ಬಗ್ಗೆ ಕೇಳಿದೆ. ಬಿಲ್ ಎಲ್ಲಿ ಅಂದರು.

ಅದಕ್ಕೇ ಹೇಳೋದು, ರೀಕಾಲ್ ಓನರ್‌ಗೆ ಅಂಟಿಕೊಂಡಿರಲ್ಲ, ಚಾಸಿಸ್ ನಂಬರಿಗೆ ಅಂಟಿಕೊಂಡಿರುತ್ತೆ. ಆರ್‌ಸಿಯಲ್ಲಿ 17 ಅಕ್ಷರ-ಅಂಕಿಯ ನಂಬರ್ ಇದೆ ನೋಡಿ, ಅದು. ನೀವು ಮಾರಿದರೂ ದೋಷ ಗಾಡಿಯಲ್ಲೇ ಕೂತಿರುತ್ತೆ, ಘಟ್ಟ ಹತ್ತೋದು ಮಾತ್ರ ಇನ್ಯಾರೋ. ರೇಟ್ ಇಳಿಯುತ್ತೆ ಅನ್ನೋ ಹೆದರಿಕೆಯೂ ಬೇಡ. ಕೆಲಸ ಮುಗಿಸಿ ಜಾಬ್ ಕಾರ್ಡ್ (ಸರ್ವಿಸ್ ಸೆಂಟರಿನವರು ಕೊಡೋ ಕೆಲಸದ ಚೀಟಿ) ತೋರಿಸಿದ ಗಾಡಿಯನ್ನು ನಾನಾದರೆ ನಾಲ್ಕು ಕಾಸು ಜಾಸ್ತಿ ಕೊಟ್ಟು ತಗೊಳ್ತೀನಿ. ರೀಕಾಲ್ ಬಂತು ಅಂದರೆ ಕಂಪನಿ ಕೆಟ್ಟದ್ದು ಅನ್ನೋದೂ ನನ್ನ ಪ್ರಕಾರ ತಪ್ಪು. ನಮ್ಮಲ್ಲಿ ಕಂಪನಿಗಳು 2012ರಿಂದ ತಾವೇ ಮಾಡಿಕೊಂಡ ನಿಯಮದಂತೆ ರೀಕಾಲ್ ಮಾಡ್ತಿದ್ದವು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಬಂದ ಮೇಲೆ ಸರಕಾರವೇ ರೀಕಾಲಿಗೆ ಆದೇಶ ಕೊಡಬಹುದು. 2021ರ ಏಪ್ರಿಲ್ 1ರಿಂದ ಅದರ ನಿಯಮ ಜಾರಿಯಲ್ಲಿದೆ. ಆ ನಿಯಮದಲ್ಲಿ 7 ವರ್ಷದೊಳಗಿನ ಗಾಡಿಗಳು ಬರುತ್ತವೆ, ಕಂಪನಿಗೆ ದಂಡ 10 ಲಕ್ಷ ರೂಪಾಯಿಯಿಂದ 1 ಕೋಟಿವರೆಗೆ. ಸರಕಾರದ ವಾಹನ್ ಪೋರ್ಟಲ್‌ನಲ್ಲಿ ನಾವೂ ದೋಷದ ದೂರು ಕೊಡಬಹುದು. ಹೇಳದೆ ಮುಚ್ಚಿಡೋ ಕಂಪನಿಗಿಂತ ಕರೆದು ರಿಪೇರಿ ಮಾಡಿಕೊಡೋದೇ ವಾಸಿ ಅಲ್ವಾ?

ಇದನ್ನು ಓದ್ತಿರೋ ಕರಾವಳಿಯವರಿಗೆ ಒಂದು ಮಾತು. ನಿಮಗೆ ಬಂದಿರೋದು ಏರ್‌ಬ್ಯಾಗ್ ಇನ್‌ಫ್ಲೇಟರ್ (ಡಿಕ್ಕಿಯಾದಾಗ ಬ್ಯಾಗ್ ಉಬ್ಬಿಸೋ ಲೋಹದ ಡಬ್ಬಿ) ರೀಕಾಲ್ ಆಗಿದ್ದರೆ ಇವತ್ತೇ ಫೋನ್ ಮಾಡಿ. ಜಪಾನಿನ ಟಕಾಟಾ ಏರ್‌ಬ್ಯಾಗ್ ವಿಷಯ ಕೇಳಿರಬಹುದು. ಅದನ್ನು ಉಬ್ಬಿಸೋ ಅಮೋನಿಯಂ ನೈಟ್ರೇಟ್ ಅನ್ನೋ ರಾಸಾಯನಿಕ ವರ್ಷಗಟ್ಟಲೆ ಸೆಖೆ, ತೇವ ತಿಂದು ಕೆಟ್ಟು, ಬ್ಯಾಗ್ ಬಿಚ್ಚುವಾಗ ಲೋಹದ ಡಬ್ಬಿಯೇ ಒಡೆದು ಚೂರುಗಳು ಮುಖಕ್ಕೆ ಹಾರ್ತಿದ್ದವು. ಅಮೆರಿಕದಲ್ಲಿ ಫ್ಲಾರಿಡಾ, ಹವಾಯಿಯಂಥ ಸೆಖೆಯ ಜಾಗಗಳ ಕಾರುಗಳಿಗೆ ಮೊದಲ ಸರದಿ ಕೊಟ್ಟರು. ಕಾರವಾರ, ಹೊನ್ನಾವರದ ಹವೆ ಅದಕ್ಕಿಂತ ಒಣಗಿದ್ದೇನಲ್ಲ.

ನಿಮ್ಮ ಪಂಪಿನ ವಿಷಯಕ್ಕೆ ಬಂದರೆ, ಮೆಸೇಜಿನಲ್ಲಿರೋ ಲಿಂಕ್ ಒತ್ತಬೇಡಿ, ನಕಲಿಯೂ ಇರುತ್ತವೆ. ಕಂಪನಿಯ ಸೈಟಿಗೆ ನೀವೇ ಹೋಗಿ ಚಾಸಿಸ್ ನಂಬರ್ ಹಾಕಿ ನೋಡಿ. ಹೊರಡುವ ಮೊದಲು ಹುಬ್ಬಳ್ಳಿಗೆ ಫೋನ್ ಮಾಡಿ ಪಾರ್ಟ್ ಬಂದಿದೆಯಾ ಅಂತ ಕೇಳಿ, ಇಲ್ಲದಿದ್ದರೆ ಸುಮ್ನೆ ಎರಡು ಸಲ ಅಲೆದಾಟ. ಗಾಡಿ ಓಡಿಸಿಕೊಂಡು ಬರಬಹುದಾ ಅಂತಲೂ ಕೇಳಿ, ಬೇಡ ಅಂದರೆ ಟೋ ಕಳಿಸಿ ಅನ್ನಿ. ಬರಬಹುದು ಅಂದರೆ ಮುಂಡಗೋಡ, ತಡಸದ ಮೇಲೆ ಹೋಗಿ, ಆ ದಾರಿಯಲ್ಲಿ ಘಟ್ಟ ಇಲ್ಲ. ಸರ್ವಿಸ್ ಸೆಂಟರಿನಲ್ಲಿ ಇಂಜೆಕ್ಟರ್ ಕ್ಲೀನಿಂಗ್, ವೀಲ್ ಅಲೈನ್‌ಮೆಂಟ್ ಅಂತ ಹತ್ತೆಂಟು ಸೇರಿಸೋಕೆ ನೋಡ್ತಾರೆ. ರೀಕಾಲ್ ಕೆಲಸ ಅಷ್ಟೇ ಮಾಡಿ ಅಂತ ಮೊದಲೇ ಹೇಳಿ. ಆಮೇಲೆ ಬೇಕಾದರೆ ಧಾರಾಳವಾಗಿ ಮಾರಿ. ಮಾರಿದ ದಿನವೇ ಕಸ್ಟಮರ್ ಕೇರಿಗೆ ಫೋನ್ ಮಾಡಿ, ತಗೊಂಡವರ ನಂಬರ್ ಬರೆಸಿಬಿಡಿ.