ಅಮೆರಿಕದಲ್ಲಿ ಸರ್ಜರಿ ರೆಸಿಡೆನ್ಸಿಗೆ ಯೂನಿವರ್ಸಿಟಿ ಆಸ್ಪತ್ರೆ ಮೇಲಿಡಲಾ, ಕಮ್ಯುನಿಟಿ ಆಸ್ಪತ್ರೆ ಮೇಲಿಡಲಾ?

ನೀವು ಕೇಳಿರೋದು ಇಷ್ಟು: ಕರ್ನಾಟಕದಲ್ಲಿ ಎಂಬಿಬಿಎಸ್ ಮುಗಿಸಿ ಅಮೆರಿಕದಲ್ಲಿ ಜನರಲ್ ಸರ್ಜರಿ ರೆಸಿಡೆನ್ಸಿಗೆ (ಎಂಬಿಬಿಎಸ್ ಆದ್ಮೇಲೆ ಆಸ್ಪತ್ರೇಲಿ ಮಾಡೋ ಟ್ರೇನಿಂಗು) ಅಪ್ಲೈ ಮಾಡಿದೀರ, ಒಂದು ದೊಡ್ಡ ಯೂನಿವರ್ಸಿಟಿ ಮತ್ತೆ ಎರಡು ಕಮ್ಯುನಿಟಿ ಆಸ್ಪತ್ರೆಗಳ (ಯೂನಿವರ್ಸಿಟಿಯದಲ್ಲದ, ಊರಿನ ಜನರಿಗಾಗಿ ನಡೆಯೋ ಆಸ್ಪತ್ರೆಗಳು) ಇಂಟರ್ವ್ಯೂ ಆಗಿದೆ, ರ‍್ಯಾಂಕ್ ಲಿಸ್ಟಲ್ಲಿ (ಬೇಕಾದ ಆಸ್ಪತ್ರೆಗಳನ್ನ ಇಷ್ಟದ ಕ್ರಮದಲ್ಲಿ ಬರೆದುಕೊಡೋ ಪಟ್ಟಿ) ಯಾವುದು ಮೊದಲು ಅಂತ. ನಾನು ಎರಡೂ ಕಡೆ ಕೆಲಸ ಮಾಡಿದೀನಿ, ಒಂದು ವರ್ಷ ಯೂನಿವರ್ಸಿಟೀಲಿ, ಆಮೇಲೆ ಪೂರ್ತಿ ಐದು ವರ್ಷ ಕಮ್ಯುನಿಟೀಲಿ. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಮೊದಲು ಒಂದು ವಿಷಯ ನೋಡ್ಕೊಳಿ. ಆ ಯೂನಿವರ್ಸಿಟಿ ಸೀಟು ಕೆಟಗೋರಿಕಲ್ಲಾ, ಪ್ರಿಲಿಮಿನರಿಯಾ? ಕೆಟಗೋರಿಕಲ್ ಅಂದ್ರೆ ಐದು ವರ್ಷದ ಪೂರ್ತಿ ಸೀಟು. ಪ್ರಿಲಿಮಿನರಿ ಅಂದ್ರೆ ಒಂದೇ ವರ್ಷ, ಅದಾದ್ಮೇಲೆ ನಿಮ್ಮನ್ನ ಇಟ್ಕೋಬೇಕು ಅಂತ ಯಾವ ಕಟ್ಟುಪಾಡೂ ಅವರಿಗಿಲ್ಲ. ನಾನು ಹೆಸರು ನೋಡಿ ಪ್ರಿಲಿಮಿನರಿಗೆ ಹೋದೆ, ಚೆನ್ನಾಗಿ ದುಡಿದ್ರೆ ಎರಡನೇ ವರ್ಷಕ್ಕೆ ಅಲ್ಲೇ ತಗೋತಾರೆ ಅಂದ್ಕೊಂಡಿದ್ದೆ, ರಾತ್ರಿ ಹಗಲು ವಾರ್ಡು ನೋಡ್ಕೊಂಡೆ, ಡಿಸ್ಚಾರ್ಜ್ ಸಮರಿ ಬರೆದೆ, ಕೊನೇಲಿ ಸೀಟು ಖಾಲಿ ಇಲ್ಲ ಅಂದ್ರು. ಆ ವರ್ಷ ಆಪರೇಷನ್ ಥಿಯೇಟರಿಗೆ ಹೋಗಿದ್ದೇ ಕಮ್ಮಿ. ಆಮೇಲೆ ಒಂದು ಕಮ್ಯುನಿಟಿ ಪ್ರೋಗ್ರಾಮಲ್ಲಿ ಮತ್ತೆ ಮೊದಲ ವರ್ಷದಿಂದ ಶುರು ಮಾಡ್ದೆ.

ಅದರ ಪೆಟ್ಟು ಬಿದ್ದಿದ್ದು ಆಮೇಲೆ. ಜೆ-1 ವೀಸಾದಲ್ಲಿ (ಹೊರದೇಶದ ಡಾಕ್ಟರುಗಳು ಟ್ರೇನಿಂಗಿಗೆ ಬರೋ ವೀಸಾ) ಟ್ರೇನಿಂಗಿಗೆ ಸಾಮಾನ್ಯವಾಗಿ ಒಟ್ಟು 7 ವರ್ಷ ಮಾತ್ರ ಸಿಗೋದು. ನನ್ನದು ಒಂದು ಪ್ಲಸ್ ಐದು, ಆರು ಹೋಯ್ತು, ಉಳಿದಿದ್ದು ಒಂದೇ. ಸರ್ಜಿಕಲ್ ಆಂಕಾಲಜಿ (ಕ್ಯಾನ್ಸರ್ ಸರ್ಜರಿ) ಮಾಡ್ಬೇಕು ಅಂತ ಬಹಳ ಆಸೆ ಇತ್ತು, ಅದು ರೆಸಿಡೆನ್ಸಿ ಆದ್ಮೇಲೆ ಮಾಡೋ ಎರಡು ವರ್ಷದ ಫೆಲೋಶಿಪ್ಪು, ಲೆಕ್ಕಕ್ಕೆ ಬರಲಿಲ್ಲ. ಒಂದು ವರ್ಷದ ಕೋಲೊರೆಕ್ಟಲ್ (ದೊಡ್ಡ ಕರುಳು, ಗುದದ ಸರ್ಜರಿ) ಮಾಡ್ದೆ. ಈಗ ಆ ಕೆಲಸ ಪ್ರೀತಿಯಿಂದಾನೇ ಮಾಡ್ತಿದೀನಿ, ಆದ್ರೂ ನಿಮಗೆ ಹೀಗಾಗೋದು ಬೇಡ. ದೊಡ್ಡ ಹೆಸರಿನ ಪ್ರಿಲಿಮಿನರಿಗಿಂತ ಯಾರೂ ಕೇಳದ ಊರಿನ ಕೆಟಗೋರಿಕಲ್ ಸೀಟು ಎಷ್ಟೋ ಮೇಲು, ಇದರಲ್ಲಿ ನನಗೆ ಎರಡು ಮಾತಿಲ್ಲ.

ಈಗ ಮೂರೂ ಕೆಟಗೋರಿಕಲ್ಲೇ ಅಂದ್ಕೊಳ್ಳೋಣ. ಆಗ ಕೇಳಬೇಕಾಗಿರೋದು ಚಾಕು ಯಾರ ಕೈಲಿರತ್ತೆ, ಯಾವ ವರ್ಷದಿಂದ ಅಂತ. ಮುಗಿಸೋಷ್ಟರಲ್ಲಿ ಕನಿಷ್ಠ 850 ಆಪರೇಷನ್, ಅದರಲ್ಲಿ 200 ಕೊನೇ ವರ್ಷ ಚೀಫ್ ಆಗಿದ್ದಾಗ, ಇದು ಎರಡೂ ಥರದ ಪ್ರೋಗ್ರಾಮಿಗೂ ಒಂದೇ. ವಾರಕ್ಕೆ ಸರಾಸರಿ 80 ಗಂಟೆ ಮಿತಿನೂ ಒಂದೇ. ಹಾಗಾಗಿ "ನಮ್ಮಲ್ಲಿ ಸಾವಿರ ಕೇಸ್ ಆಗತ್ತೆ" ಅಂದ ತಕ್ಷಣ ಒಪ್ಕೋಬೇಡಿ. ಎರಡನೇ, ಮೂರನೇ ವರ್ಷದಲ್ಲಿ ಎಷ್ಟು, ಏನೇನು ಅಂತ ಕೇಳಿ. ಯೂನಿವರ್ಸಿಟೀಲಿ ವಿಪಲ್ (ಮೇದೋಜೀರಕ ಗ್ರಂಥಿಯ ದೊಡ್ಡ ಆಪರೇಷನ್), ಲಿವರ್ ಕೇಸು ಎಲ್ಲಾ ಬರತ್ತೆ, ನಿಜ, ಆದ್ರೆ ನಿಮಗೂ ಅಟೆಂಡಿಂಗಿಗೂ (ಕಲಿಸೋ ಹಿರಿಯ ಸರ್ಜನ್) ಮಧ್ಯ ಫೆಲೋಶಿಪ್ ಮಾಡ್ತಿರೋ ಒಬ್ಬ ಫೆಲೋ ನಿಂತಿರ್ತಾನೆ, ಅವನ ಪಕ್ಕ ಚೀಫ್, ನೀವು ರಿಟ್ರ್ಯಾಕ್ಟರ್ ಹಿಡ್ಕೊಂಡು ನೋಡ್ತಿರ್ತೀರ. ಎಲ್ಲಾ ಕಡೆ ಹೀಗಲ್ಲ, ಆದ್ರೆ ಫೆಲೋಗಳು ಜಾಸ್ತಿ ಇದ್ದಲ್ಲಿ ಈ ಪ್ರಶ್ನೆ ಕೇಳ್ಲೇಬೇಕು.

ನನ್ನ ಕಮ್ಯುನಿಟಿ ಆಸ್ಪತ್ರೇಲಿ ಫೆಲೋನೇ ಇರ್ಲಿಲ್ಲ. ರಾತ್ರಿ ಎರಡು ಗಂಟೆಗೆ ಪಿತ್ತಕೋಶ ಊದ್ಕೊಂಡು ಒಬ್ರು ಬಂದ್ರೆ ಟೇಬಲ್ ಹತ್ರ ನಾನು, ಅಟೆಂಡಿಂಗು, ನರ್ಸು, ಅಷ್ಟೇ. ನಮ್ಮ ಅಟೆಂಡಿಂಗ್ ಒಬ್ರು ತಾವೇ ಕ್ಯಾಮೆರಾ ಹಿಡಿದು ನನ್ ಕೈಲಿ ಬಿಡಿಸೋರು, ಪಿತ್ತಕೋಶದ ಒಳಗೆ ಹೋಗೋದು ಎರಡೇ ಎರಡು ನಾಳ ಅಂತ ಕಣ್ಣಿಗೆ ಸ್ಪಷ್ಟವಾಗಿ ಕಾಣೋವರೆಗೂ ಒಂದು ಕ್ಲಿಪ್ಪೂ ಹಾಕಕ್ಕೆ ಬಿಡ್ತಿರಲಿಲ್ಲ, ಒಂದ್ಸಲ ಅದಕ್ಕೇ ಮುಕ್ಕಾಲು ಗಂಟೆ ಹಿಡೀತು, ಅವ್ರು ಒಂಚೂರೂ ಅವಸರ ಮಾಡಲಿಲ್ಲ. ಇವತ್ತಿಗೂ ಕಷ್ಟದ ಕೇಸ್ ಬಂದಾಗ ಅವರ ದನಿ ಕಿವೀಲಿ ಕೇಳತ್ತೆ. ಆ ಋಣ ತೀರಿಸಕ್ಕಾಗಲ್ಲ.

ಕೊರತೆನೂ ಹೇಳ್ಬೇಕು. ಮಕ್ಕಳ ಸರ್ಜರಿ, ಟ್ರಾನ್ಸ್‌ಪ್ಲಾಂಟ್, ಎಷ್ಟೋ ಕಡೆ ದೊಡ್ಡ ಟ್ರಾಮಾ ಕೂಡ ಕಮ್ಯುನಿಟೀಲಿ ಕಮ್ಮಿ, ಅದಕ್ಕೆ ಬೇರೆ ಆಸ್ಪತ್ರೆಗೆ ಕಳಿಸ್ತಾರೆ. ಎಲ್ಲಿಗೆ, ಎಷ್ಟು ತಿಂಗಳು, ಅಲ್ಲಿ ನಿಮ್ಮನ್ನ ಟೇಬಲ್ ಹತ್ರ ಬಿಡ್ತಾರಾ ಅಂತ ವಿಚಾರಿಸಿ. ಇನ್ನು ರಿಸರ್ಚ್. ನಿಮ್ಮ ಮನಸ್ಸಲ್ಲಿ ಪೀಡಿಯಾಟ್ರಿಕ್ ಸರ್ಜರಿ ಅಥವಾ ಸರ್ಜಿಕಲ್ ಆಂಕಾಲಜಿ ಗಟ್ಟಿಯಾಗಿದ್ರೆ ಯೂನಿವರ್ಸಿಟೀನೇ ಮೇಲಿಡಿ, ಅಲ್ಲಿ ಪೇಪರ್ ಬರಿಯಕ್ಕೆ ಜನ ಇರ್ತಾರೆ, ಆ ಫೀಲ್ಡಲ್ಲಿ ಹೆಸರಿರೋರ ಲೆಟರ್ ಸಿಗತ್ತೆ. ಆದ್ರೆ ಮಧ್ಯ ಒಂದೆರಡು ವರ್ಷ ಲ್ಯಾಬಿಗೆ ಹೋಗಿ ಅಂತ ಹೇಳೋ ಪ್ರೋಗ್ರಾಮುಗಳಿವೆ, ವೀಸಾ ಮೇಲಿರೋರಿಗೆ ಅದು ಹೇಗೆ ಹೊಂದತ್ತೆ ಅಂತ ಮೊದಲೇ ಬಾಯ್ಬಿಟ್ಟು ಕೇಳಿ, ಸಂಕೋಚ ಬೇಡ. ಎಚ್-1ಬಿ (ಕೆಲಸದ ವೀಸಾ) ಕೊಡ್ತಾರಾ ಅಂತಾನೂ ಕೇಳಿ, ಕೊಡೋದಾದ್ರೆ ಸ್ಟೆಪ್ 3 (ಅಮೆರಿಕದ ಡಾಕ್ಟರ್ ಲೈಸೆನ್ಸ್ ಪರೀಕ್ಷೆಯ ಕೊನೇ ಹಂತ) ಮುಗಿಸಿರ್ಬೇಕು.

ಯೂನಿವರ್ಸಿಟಿ, ಕಮ್ಯುನಿಟಿ ಅನ್ನೋ ಎರಡರ ಮಧ್ಯ ಇನ್ನೊಂದು ಜಾತಿನೂ ಇದೆ, ಕಮ್ಯುನಿಟಿ ಆಸ್ಪತ್ರೆ ಆದ್ರೆ ಯೂನಿವರ್ಸಿಟಿ ಜೊತೆ ಅಫಿಲಿಯೇಷನ್ ಇರೋದು. ನಮ್ಮ ಕಡೆ ಸರ್ಜರಿ ಪದವಿಗಳಲ್ಲಿ ಎಂಎಸ್ ಮೇಲೋ ಡಿಎನ್‌ಬಿ ಮೇಲೋ ಅಂತ ವಾದ ಮಾಡ್ತೀವಲ್ಲ, ಕೊನೆಗೆ ಯಾವ ಆಸ್ಪತ್ರೆ, ಯಾವ ಯೂನಿಟ್ಟು ಅನ್ನೋದೇ ಮುಖ್ಯ ಆಗತ್ತಲ್ಲ, ಇಲ್ಲೂ ಹಂಗೇ.

ಕಳೆದ ಐದು ವರ್ಷ ಪಾಸಾದೋರು ಈಗ ಎಲ್ಲಿದಾರೆ, ಮಧ್ಯ ಬಿಟ್ಟು ಹೋದೋರು ಎಷ್ಟು ಜನ, ಯಾಕೆ ಬಿಟ್ರು, ಬೋರ್ಡ್ ಪರೀಕ್ಷೇಲಿ (ರೆಸಿಡೆನ್ಸಿ ಆದ್ಮೇಲೆ ಸರ್ಜನ್ ಅಂತ ಸರ್ಟಿಫಿಕೇಟ್ ಪಡೆಯೋಕೆ ಬರೆಯೋ ಪರೀಕ್ಷೆ) ಮೊದಲ ಸಲಕ್ಕೇ ಪಾಸಾಗೋರು ಎಷ್ಟು, ಇವು ಮೂರು ಗೊತ್ತಾದ್ರೆ ಅರ್ಧ ಉತ್ತರ ಸಿಕ್ಕಿದ ಹಾಗೆ. ಬೋರ್ಡಿನ ಪಾಸ್ ರೇಟನ್ನ ಅಮೆರಿಕನ್ ಬೋರ್ಡ್ ಆಫ್ ಸರ್ಜರಿಯವ್ರೇ ಪ್ರೋಗ್ರಾಂವಾರು ಹಾಕಿರ್ತಾರೆ.

ಇನ್ನೊಂದು ತಪ್ಪು ತುಂಬಾ ಜನ ಮಾಡ್ತಾರೆ. "ದೊಡ್ಡ ಕಡೆ ನನ್ನನ್ನ ತಗೊಳಲ್ಲ, ಅದಕ್ಕೇ ಸಿಗೋದನ್ನ ಮೇಲಿಡ್ತೀನಿ" ಅಂತ. ಮ್ಯಾಚ್ (ನಿಮ್ಮ ಲಿಸ್ಟು, ಆಸ್ಪತ್ರೆಗಳ ಲಿಸ್ಟು ಹೊಂದಿಸಿ ಸೀಟು ಹಂಚೋದು) ಲೆಕ್ಕಾಚಾರ ನಿಮ್ಮ ಲಿಸ್ಟಿಂದ ಶುರುವಾಗತ್ತೆ, ಮೇಲಿಟ್ಟಿದ್ದು ಸಿಗದೇ ಹೋದ್ರೆ ಕೆಳಗಿನದಕ್ಕೆ ನಿಮ್ಮ ಅವಕಾಶ ಒಂಚೂರೂ ಕಮ್ಮಿ ಆಗಲ್ಲ. ನಿಜವಾಗ್ಲೂ ಬೇಕಾಗಿರೋ ಕ್ರಮದಲ್ಲೇ ಹಾಕಿ.

ಲಿಸ್ಟ್ ಲಾಕ್ ಆಗೋಕೆ ಮುಂಚೆ ಮೂರೂ ಕಡೆ ಮೂರನೇ ವರ್ಷದ ರೆಸಿಡೆಂಟ್ ಒಬ್ರಿಗೆ ಇಮೇಲ್ ಹಾಕಿ ಹತ್ತು ನಿಮಿಷ ಫೋನಲ್ಲಿ ಮಾತಾಡಿ. ಹೋದ ವಾರ ಏನೇನು ಆಪರೇಷನ್ ಮಾಡಿದ್ರಿ, ಅದರಲ್ಲಿ ನಿಮ್ಮ ಕೈಯಿಂದ ಆಗಿದ್ದೆಷ್ಟು ಅಂತ ಮಾತ್ರ ಕೇಳಿ. ಅವರು ಏನಂದ್ರು ಅಂತ ಇಲ್ಲಿ ಬಂದು ಬರೀರಿ, ಕೂತು ಒಟ್ಟಿಗೆ ನೋಡೋಣ.