ಏರೋಸ್ಪೇಸ್ ಹೆಸರಿಗೆ ಹೊಲ ಮಾರಬೇಡಿ

ಹುಮನಾಬಾದ್ ತಾಲ್ಲೂಕಿನ ಓದುಗರೊಬ್ಬರ ಪತ್ರ: ‘ಮಗ ಪಿಯುಸಿ ಎರಡನೇ ವರ್ಷದಾಗ ಅದಾನ್ರಿ. ಬೀದರ್ ಮ್ಯಾಲೆ ಹಾರೋ ಸೂರ್ಯಕಿರಣ ವಿಮಾನ ನೋಡಿ ಹುಚ್ಚು ಹಿಡಿಸ್ಕೊಂಡಾನ. ಫಿಜಿಕ್ಸ್ ಓದಿದ್ರ ಮಾಸ್ತರ ಆಗ್ತಾನ, ಏರೋಸ್ಪೇಸ್ ಓದಿದ್ರ ಇಸ್ರೋದಾಗ ನೌಕ್ರಿ ಅಂತಾರ, ಖರೆ ಏನ್ರಿ? ಬೆಂಗಳೂರಿನ ಖಾಸಗಿ ಯೂನಿವರ್ಸಿಟಿ ಸೀಟಿಗೆ ಎರಡು ಎಕರೆ ಮಾರಬೇಕೇನ್ರಿ?’

ಮಾರಬೇಡಿ.

ಇಸ್ರೋ ತನ್ನ ಎಂಜಿನಿಯರ್ ಹುದ್ದೆಗಳಿಗೆ ಹೆಚ್ಚಾಗಿ ಕೇಳುವುದು ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್ ಪದವಿ. ಇನ್ನು ಫಿಜಿಕ್ಸ್ ಎಂದರೆ ಮಾಸ್ತರಿಕೆ ಅಷ್ಟೇ ಅನ್ನುವವರಿಗೆ ಎ.ಎಸ್. ಕಿರಣ್ ಕುಮಾರ್ ಅವರನ್ನು ತೋರಿಸಿ. ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಬಿ.ಎಸ್ಸಿ., ಆಮೇಲೆ ಎಲೆಕ್ಟ್ರಾನಿಕ್ಸ್ ಎಂ.ಎಸ್ಸಿ., ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್ಸಿ) ಎಂ.ಟೆಕ್.; 2015ರಲ್ಲಿ ಇಸ್ರೋ ಅಧ್ಯಕ್ಷರಾದರು. ಅವರ ನಂತರ ಬಂದ ಕೆ. ಶಿವನ್ ಗಣಿತದ ಬಿ.ಎಸ್ಸಿ. ಮುಗಿಸಿ ಏರೋನಾಟಿಕಲ್ ಓದಿದವರು. (ಮಾಸ್ತರಿಕೆಯೂ ಕೀಳು ನೌಕರಿಯೇನಲ್ಲ, ಬಿಡಿ.)

ನಿಮ್ಮ ಹುಡುಗ ವಿಮಾನ ಕಂಡಾಗ ಏನು ಕೇಳುತ್ತಾನೆ, ಗಮನಿಸಿ. ರೆಕ್ಕೆಯ ಮೇಲೆ ಗಾಳಿ ಯಾಕೆ ಹಾಗೆ ಹರಿಯುತ್ತದೆ ಎಂದು ಬುಡಕ್ಕೆ ಹೋಗುವವನಾದರೆ ಫಿಜಿಕ್ಸ್. ಆ ರೆಕ್ಕೆ ಯಾವುದರಿಂದ ಮಾಡಿದ್ದು, ಎಷ್ಟು ಭಾರ ತಡೆಯುತ್ತದೆ ಎನ್ನುವವನಾದರೆ ಎಂಜಿನಿಯರಿಂಗ್. ಎರಡೂ ಕೇಳುವವನಾದರೆ ತಿರುವನಂತಪುರದ ಐಐಎಸ್‌ಟಿ ನೋಡಿ. ಬಾಹ್ಯಾಕಾಶ ಇಲಾಖೆ 2007ರಲ್ಲಿ ಶುರು ಮಾಡಿದ ಸಂಸ್ಥೆ. ಏರೋಸ್ಪೇಸ್, ಏವಿಯಾನಿಕ್ಸ್ (ವಿಮಾನದೊಳಗಿನ ಎಲೆಕ್ಟ್ರಾನಿಕ್ಸ್) ಜೊತೆಗೆ ಎಂಜಿನಿಯರಿಂಗ್ ಫಿಜಿಕ್ಸ್ ಕೂಡ ಇದೆ. ಸೀಟು ಸಿಗುವುದು ಐಐಟಿ ಪ್ರವೇಶ ಪರೀಕ್ಷೆಯಾದ ಜೆಇಇ ಅಡ್ವಾನ್ಸ್ಡ್ ರ‍್ಯಾಂಕ್ ಮೇಲೆ, ಆದರೆ ಅರ್ಜಿ ಬೇರೆ. ಐಐಟಿ ಕೌನ್ಸೆಲಿಂಗ್‌ನಲ್ಲಿ ಹೆಸರು ಬರೆಸಿ ಸುಮ್ಮನೆ ಕೂತರೆ ಇದು ಕೈತಪ್ಪುತ್ತದೆ. ಅಲ್ಲಿ ಓದಿದವರಿಗೆಲ್ಲ ಇಸ್ರೋ ಕೆಲಸ ಖಾತ್ರಿ ಎಂಬುದೂ ಸುಳ್ಳು; ಅಂಕ ಬೇಕು, ಹುದ್ದೆಯೂ ಖಾಲಿ ಇರಬೇಕು.

ಬರೀ ವಿಜ್ಞಾನವಾದರೆ ಐಐಎಸ್ಸಿಯ ನಾಲ್ಕು ವರ್ಷದ ಪದವಿ, ಇಲ್ಲವೇ ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ ಸಂಸ್ಥೆಗಳಾದ ಐಸರ್‌ಗಳು. ಐಸರ್‌ನ ಪ್ರವೇಶ ಪರೀಕ್ಷೆ ಐಎಟಿ ಎರಡಕ್ಕೂ ನಡೆಯುತ್ತದೆ. ಹುಡುಗ ಕನ್ನಡ ಮಾಧ್ಯಮದವನೇ? ಜೆಇಇ ಮೇನ್ ಕನ್ನಡದಲ್ಲಿ ಬರೆಯಬಹುದು, ಅಡ್ವಾನ್ಸ್ಡ್ ಇರುವುದು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಇಂಗ್ಲಿಷಿನ ಲೆಕ್ಕಗಳನ್ನು ಈಗಿನಿಂದಲೇ ಬಿಡಿಸಲಿ.

ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಮರೆಯಬೇಡಿ. ನಮ್ಮ ಭಾಗದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ಸೀಟು ನಮ್ಮ ಮಕ್ಕಳಿಗಿದೆ. ಸಿಇಟಿ ಮೂಲಕ ಏರೋನಾಟಿಕಲ್ ಅಥವಾ ಮೆಕ್ಯಾನಿಕಲ್ ಹಿಡಿಯಲು ಇದು ದೊಡ್ಡ ಆಸರೆ. ಸಹಾಯಕ ಆಯುಕ್ತರ ಕಚೇರಿಯಿಂದ ಪ್ರಮಾಣಪತ್ರ ಈಗಲೇ ಮಾಡಿಸಿ. ಐಐಎಸ್‌ಟಿ, ಐಐಎಸ್ಸಿಗಳಲ್ಲಿ ಇದು ನಡೆಯುವುದಿಲ್ಲ.

ಆ ಖಾಸಗಿ ಯೂನಿವರ್ಸಿಟಿಯನ್ನು ನೋಡಲೇಬೇಕೆಂದಿದ್ದರೆ ಮಗನನ್ನೇ ಕಳಿಸಿ. ಬ್ರೋಷರ್‌ನಲ್ಲಿರುವ ವಿಂಡ್ ಟನಲ್ (ವಿಮಾನದ ಮಾದರಿಯ ಮೇಲೆ ಗಾಳಿ ಹಾಯಿಸಿ ಪರೀಕ್ಷಿಸುವ ಸುರಂಗ) ಕಳೆದ ಸಲ ಯಾವಾಗ ಚಾಲೂ ಆಗಿತ್ತು ಎಂದು ಆಫೀಸಿನವರನ್ನಲ್ಲ, ಅಲ್ಲಿಯ ಮೂರನೇ ವರ್ಷದ ಹುಡುಗರನ್ನು ಕೇಳಲಿ.

ಇವು ಯಾವುದೂ ಕೈಗೂಡದಿದ್ದರೆ ಹತ್ತಿರದ ಒಳ್ಳೆಯ ಕಾಲೇಜಿನಲ್ಲಿ ಬಿ.ಎಸ್ಸಿ. ಸೇರಿಸಿ. ಮುಗಿಯುವ ಹೊತ್ತಿಗೆ ಎಂ.ಎಸ್ಸಿ. ಪ್ರವೇಶ ಪರೀಕ್ಷೆ ಜ್ಯಾಮ್ ಬರೆದರೆ ಐಐಟಿಗಳ ಭೌತಶಾಸ್ತ್ರ ಎಂ.ಎಸ್ಸಿ.ಗೆ ಹೋಗಬಹುದು, ಆಳಂದ ತಾಲ್ಲೂಕಿನ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಭೌತಶಾಸ್ತ್ರ ವಿಭಾಗವಿದೆ. ಎರಡು ಎಕರೆಯೂ ಉಳಿಯುತ್ತದೆ.

– ಸಂಪಾದಕ